ಯಾವ ದಾರಿ ಹಿಡಿಯಬೇಕು ಎಂದು ನೆಟ್‌ವರ್ಕೇ ಹೇಳಲಿ

ಎರಡು ವರ್ಷದ ಹಿಂದಿನ ಪುಷ್ಯ ಮಳೆ. ಮೂರು ದಿನದಿಂದ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಅಪ್ಪಯ್ಯ ಮೊಬೈಲ್ ಹಿಡಿದುಕೊಂಡು ಬಂದರು. "ಹಳ್ಳದ ಕ್ಯಾಮರಾ ಬರ್ತಾ ಇಲ್ಲ ಮಾರಾಯ. ಕಾಲುಸಂಕ ಮುಳುಗ್ತದಾ ಅಂತ ನೋಡ್ಬೇಕಿತ್ತು" ಎಂದರು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಒಂದಷ್ಟು ಒಳಗೆ. ಹಳ್ಳ ಇರುವುದು ತೋಟದ ಆ ತುದಿಯಲ್ಲಿ. ಹೊಸ ಅಡಾಪ್ಟರ್ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಇಳಿದೆ. ಪಂಪ್ ಮನೆಯಲ್ಲಿ ಅಡಾಪ್ಟರ್ ಬದಲಾಯಿಸಿದೆ, ಬರಲಿಲ್ಲ. ಕೇಬಲ್ ಬದಲಾಯಿಸಿದೆ, ಬರಲಿಲ್ಲ. ಕ್ಯಾಮರಾವೇ ಹೋಗಿದೆ ಎಂದು ಬಿಚ್ಚಿ ತಂದೆ. ಎರಡೂವರೆ ಗಂಟೆ ಕಳೆದು ಮನೆಗೆ ಬಂದು ಕಾಲಿಗೆ ಹತ್ತಿದ್ದ ಉಂಬಳ ಕೀಳುತ್ತಾ ಕೂತಾಗ ಗೊತ್ತಾಯಿತು, ಮಹಡಿಯ ವೈಫೈ ಕೂಡ ಇಲ್ಲ. ಅಟ್ಟ ಹತ್ತಿ ನೋಡಿದರೆ ಅಲ್ಲಿನ ನೆಟ್‌ವರ್ಕ್ ಸ್ವಿಚ್‌ನ, ಅಂದರೆ ಒಂದು ಕೇಬಲ್ಲನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬಿಯ, ಅಡಾಪ್ಟರ್ ಸುಟ್ಟಿತ್ತು. ಹಳ್ಳದ ಕ್ಯಾಮರಾಕ್ಕೆ ದಾರಿ ಆ ಸ್ವಿಚ್ ಮೂಲಕವೇ. ಒಟ್ಟು ಆರು ಸಾಧನ ಸತ್ತಿದ್ದವು. ನಮ್ಮ ಕಣ್ಣಿಗೆ ಬಿದ್ದದ್ದು ಒಂದೇ. ಏಣಿಯ ಎಂಟು ಮೆಟ್ಟಿಲು ಹತ್ತಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಇಡೀ ತೋಟ ಇಳಿದಿದ್ದೆ.

ಪೇಟೆಯ ಆಫೀಸಿನಲ್ಲಿ ತಪ್ಪು ಕಡೆ ಹೋದರೆ ಹತ್ತು ಹೆಜ್ಜೆ ನಷ್ಟ. ನಮ್ಮ ಕಡೆ ಅರ್ಧ ದಿನ ಹೋಗುತ್ತದೆ. ಯಾವ ಸಾಧನ ಯಾವುದನ್ನು ಹಿಡಿದುಕೊಂಡು ನಿಂತಿದೆ ಎಂಬ ನಕ್ಷೆ ಕೈಯಲ್ಲಿದ್ದರೆ ಮಾತ್ರ ಸರಿಯಾದ ದಿಕ್ಕಿಗೆ ಹೊರಡಬಹುದು. ಆ ನಕ್ಷೆಯನ್ನು ಯಂತ್ರವೇ ಬರೆದು, ಯಂತ್ರವೇ ಕಾಯುವಂತೆ ಮಾಡಿಕೊಂಡ ಬಗೆಯನ್ನು ಇಲ್ಲಿ ಹೇಳುತ್ತೇನೆ. ತೋಟದ ಮನೆ, ಹೋಮ್‌ಸ್ಟೇ, ಶಾಲೆ, ಸೊಸೈಟಿ, ಅಡಿಕೆ ಮಂಡಿ, ಎಲ್ಲಿ ಇಪ್ಪತ್ತು ಮೂವತ್ತು ಸಾಧನಗಳಿವೆಯೋ ಅಲ್ಲೆಲ್ಲ ಇದು ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ನಿಮ್ಮ ನೆಟ್‌ವರ್ಕ್‌ನಲ್ಲಿ ಮಾತ್ರ ಮಾಡಿ. ಬೇರೆಯವರದ್ದಾದರೆ ಮೊದಲು ಒಪ್ಪಿಗೆ ಪಡೆಯಿರಿ, ಬರವಣಿಗೆಯಲ್ಲಿದ್ದರೆ ಒಳ್ಳೆಯದು. ಮಾಲೀಕರನ್ನು ಕೇಳದೆ ಇನ್ನೊಬ್ಬರ ನೆಟ್‌ವರ್ಕ್‌ಗೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ತಪ್ಪು.

ಹೆಜ್ಜೆ 1: ಪೆನ್ಸಿಲ್ ನಕ್ಷೆ

ಯಂತ್ರಕ್ಕೆ ಕೆಲಸ ಕೊಡುವ ಮೊದಲು ಒಂದು ಹಾಳೆಯಲ್ಲಿ ನೆನಪಿನಿಂದಲೇ ಬರೆಯಿರಿ. ಫೈಬರ್ ಎಲ್ಲಿಂದ ಒಳಗೆ ಬರುತ್ತದೆ, ರೂಟರ್ ಎಲ್ಲಿದೆ, ಸ್ವಿಚ್‌ಗಳು ಎಲ್ಲೆಲ್ಲಿ, ಯಾವ ಕೇಬಲ್ ಯಾವ ಕಡೆ ಹೋಗಿದೆ. ಸರಿ ಇರಬೇಕೆಂದಿಲ್ಲ. ತಪ್ಪಿದ್ದರೇ ಲಾಭ ಜಾಸ್ತಿ, ಆಮೇಲೆ ಯಂತ್ರದ ನಕ್ಷೆಯ ಜೊತೆ ಹೋಲಿಸಿದಾಗ ಎಲ್ಲಿ ಮರೆತಿದ್ದೆ ಎಂದು ತಿಳಿಯುತ್ತದೆ. ನಾನು 21 ಸಾಧನ ಬರೆದಿದ್ದೆ. ಯಂತ್ರಕ್ಕೆ ಸಿಕ್ಕಿದ್ದು 34.

ಪ್ರತಿ ಸಾಧನಕ್ಕೂ ಜಾಗದ ಹೆಸರನ್ನೇ ಇಡಿ. ಜಗಲಿ-ಸ್ವಿಚ್, ಅಟ್ಟ-ಸ್ವಿಚ್, ಕೊಟ್ಟಿಗೆ-ಕ್ಯಾಮರಾ, ಹಳ್ಳ-ಕ್ಯಾಮರಾ. ಕಂಪನಿಯ ಮಾಡೆಲ್ ನಂಬರ್ ಇಟ್ಟರೆ ರಾತ್ರಿ ಎರಡು ಗಂಟೆಗೆ ಸಂದೇಶ ಬಂದಾಗ ನಿಮಗೇ ಅರ್ಥವಾಗುವುದಿಲ್ಲ. ನೀವು ಊರಲ್ಲಿ ಇಲ್ಲದಾಗ ಅಪ್ಪಯ್ಯನಿಗೋ ಚಿಕ್ಕಪ್ಪನಿಗೋ ಫೋನಿನಲ್ಲಿ ಹೇಳುವುದಂತೂ ಆಗದ ಮಾತು.

ಹೆಜ್ಜೆ 2: ಕಾವಲಿಗೆ ಒಂದು ಹಳೇ ಲ್ಯಾಪ್‌ಟಾಪ್

ಇದಕ್ಕೆ ಹೊಸ ಯಂತ್ರ ಬೇಡ. 4 ಜಿಬಿ ಮೆಮೊರಿ ಇರುವ ಹಳೇ ಲ್ಯಾಪ್‌ಟಾಪ್ ಸಾಕು. ಬ್ಯಾಟರಿ ಅರ್ಧ ಗಂಟೆ ನಿಂತರೂ ಅದೇ ಒಂದು ಯುಪಿಎಸ್ ಇದ್ದಂತೆ. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ, ಮುಚ್ಚಳ ಮುಚ್ಚಿದರೂ ನಿದ್ದೆ ಮಾಡದಂತೆ ಸೆಟ್ಟಿಂಗ್ ಬದಲಿಸಿ. ರಾಸ್‌ಬೆರ್ರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ ಆಗುತ್ತದೆ. ಆದರೆ ಕರೆಂಟ್ ಪಕ್ಕನೆ ಹೋಗಿ ಬಂದು ಮಾಡಿದರೆ ಅದರ ಮೆಮೊರಿ ಕಾರ್ಡ್ ಕೆಡುತ್ತದೆ. ಪೈ ಬಳಸುವುದಾದರೆ ಎಸ್‌ಎಸ್‌ಡಿ ಹಾಕಿ, ಇನ್ವರ್ಟರ್ ಲೈನಿನಲ್ಲಿ ಇಡಿ.

ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ರೂಟರಿನ ಪಕ್ಕದ ಮುಖ್ಯ ಸ್ವಿಚ್‌ಗೇ, ವೈರಿನಿಂದಲೇ ಜೋಡಿಸಿ. ನೆಟ್‌ವರ್ಕ್ ಎಂದರೆ ಮರ ಎಂದುಕೊಂಡರೆ ಕಾವಲಿನವನು ಬುಡದಲ್ಲಿ ನಿಂತಿರಬೇಕು. ಕೊಂಬೆಯ ತುದಿಯಲ್ಲಿ ಕೂತರೆ ಅವನು ಕೂತ ಕೊಂಬೆ ಮುರಿದಾಗ ಇಡೀ ಮರ ಬಿದ್ದಂತೆ ಕಾಣುತ್ತದೆ. ವೈಫೈ ಮೇಲೆ ಇಟ್ಟರಂತೂ ದಿನಕ್ಕೆ ನಾಲ್ಕು ಸಲ ಸುಳ್ಳು ಸುದ್ದಿ.

ಸಾಫ್ಟ್‌ವೇರ್ ಯಾವುದು? ನಾನು ಬಳಸುವುದು ಲಿಬ್ರೆಎನ್‌ಎಂಎಸ್. ಪುಕ್ಕಟೆ, ತಾನೇ ಹುಡುಕುತ್ತದೆ, ನಕ್ಷೆಯನ್ನೂ ಬಿಡಿಸುತ್ತದೆ. ಝ್ಯಾಬಿಕ್ಸ್ ಇನ್ನೂ ಬಲವಾದದ್ದು, ಆದರೆ ಮೂವತ್ತು ಸಾಧನಕ್ಕೆ ಅದು ಬಾಳೆಗಿಡ ಕಡಿಯಲು ಕೊಡಲಿ ತಂದ ಹಾಗೆ. ಅಪ್‌ಟೈಮ್ ಕುಮಾ ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ, ನೋಡಲು ಚೆಂದ. ಆದರೆ ಅದು ಏನನ್ನೂ ತಾನಾಗಿ ಹುಡುಕುವುದಿಲ್ಲ, ನೀವು ಹೇಳಿದ್ದನ್ನು ಮಾತ್ರ ಕಾಯುತ್ತದೆ. ಹತ್ತು ಸಾಧನ ಇದ್ದವರಿಗೆ ಅದೇ ಸಾಕು.

ಹೆಜ್ಜೆ 3: ಮನೆ ನಂಬರ್ ಕೊಡುವುದು

ಇದನ್ನು ಬೇಗ ಮುಗಿಸೋಣ. ಸಾಮಾನ್ಯವಾಗಿ ಮನೆಯ ನೆಟ್‌ವರ್ಕ್ 192.168.1.0/24 ತರಹ ಇರುತ್ತದೆ. ಇದರಲ್ಲಿ 254 ಐಪಿ ವಿಳಾಸ, ಅಂದರೆ ಸಾಧನಗಳ ಮನೆ ನಂಬರ್, ಸಿಗುತ್ತದೆ. ರೂಟರ್ ಸೆಟ್ಟಿಂಗ್‌ಗೆ ಹೋಗಿ, ಕದಲದ ಸಾಧನಗಳಿಗೆಲ್ಲ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿ, ಅಂದರೆ ಪ್ರತಿ ಸಲವೂ ಅದೇ ವಿಳಾಸ ಸಿಗುವಂತೆ ಕಾದಿರಿಸಿ. ವಿಳಾಸದ ಕೊನೆಯ ಅಂಕಿ ಸ್ವಿಚ್‌ಗಳಿಗೆ 2ರಿಂದ 9, ವೈಫೈ ಪೆಟ್ಟಿಗೆಗಳಿಗೆ 10ರಿಂದ 19, ಕ್ಯಾಮರಾಗಳಿಗೆ 20ರಿಂದ 39, ಹೀಗೆ. ಹೋಮ್‌ಸ್ಟೇ ಅತಿಥಿಗಳಿಗೆ ಬೇರೆಯೇ ಗೆಸ್ಟ್ ನೆಟ್‌ವರ್ಕ್ ಕೊಡಿ. ಇಲ್ಲವಾದರೆ ಶನಿವಾರ ಬೆಂಗಳೂರಿನಿಂದ ಎರಡು ಕಾರು ಬಂದು ನಿಂತ ಕೂಡಲೇ "ಹೊಸ ಸಾಧನ ಬಂದಿದೆ" ಎಂಬ ಸಂದೇಶ ಹನ್ನೆರಡು ಬರುತ್ತದೆ.

ಹೆಜ್ಜೆ 4: ಯಾರ್ಯಾರಿದ್ದಾರೆ?

ಹುಡುಕಲು ಎರಡು ದಾರಿ. ಒಂದು ಪಿಂಗ್. ಅಮೆರಿಕದ ಮೈಕ್ ಮ್ಯೂಸ್ ಎಂಬುವರು 1983ರ ಡಿಸೆಂಬರ್‌ನಲ್ಲಿ ಬರೆದ ಸಣ್ಣ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳು ಸದ್ದು ಬಿಟ್ಟು ಪ್ರತಿಧ್ವನಿ ಕೇಳುತ್ತವಲ್ಲ, ಆ ಸದ್ದಿನಿಂದ ಬಂದ ಹೆಸರು. ಗುಡ್ಡದ ಮೇಲೆ ನಿಂತು ಕೂ ಹಾಕಿದ ಹಾಗೆ. ಆ ಕಡೆಯಿಂದ ಕೂ ಬಂದರೆ ಇದ್ದಾನೆ. ಬರದಿದ್ದರೆ ಇಲ್ಲ ಎನ್ನಲು ಬರುವುದಿಲ್ಲ, ಯಾಕೆಂದರೆ ಕೆಲವರು ಬೇಕೆಂದೇ ಸುಮ್ನಿರುತ್ತಾರೆ. ವಿಂಡೋಸ್ ಕಂಪ್ಯೂಟರುಗಳ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಆರ್ಪ್. 1982ರಿಂದ ಇರುವ ನಿಯಮ. "ಈ ಐಪಿ ವಿಳಾಸ ಯಾರದ್ದು? ನಿನ್ನ ಮ್ಯಾಕ್ ವಿಳಾಸ ಹೇಳು" ಎಂದು ಇಡೀ ನೆಟ್‌ವರ್ಕ್‌ಗೆ ಕೇಳುವುದು. ಮ್ಯಾಕ್ ಎಂದರೆ ಸಾಧನದ ನೆಟ್‌ವರ್ಕ್ ಯಂತ್ರಾಂಶಕ್ಕೆ ಇರುವ ಗುರುತಿನ ಸಂಖ್ಯೆ. ಇದಕ್ಕೆ ಉತ್ತರಿಸದ ಸಾಧನದ ಜೊತೆ ಯಾರೂ ಮಾತಾಡಲು ಆಗುವುದಿಲ್ಲ. ಹಾಗಾಗಿ ಪಿಂಗ್‌ಗೆ ಮೌನವಾಗಿರುವವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಒಂದೇ ಮಿತಿ, ಆರ್ಪ್ ರೂಟರ್ ದಾಟುವುದಿಲ್ಲ. ಪ್ರತಿ ತುಂಡು ನೆಟ್‌ವರ್ಕ್‌ನಲ್ಲೂ ಬೇರೆ ಬೇರೆ ಕೇಳಬೇಕು.

ಇವೆರಡನ್ನೂ ಸುಲಭ ಮಾಡುವುದು ಎನ್‌ಮ್ಯಾಪ್. 1997ರಲ್ಲಿ ಗಾರ್ಡನ್ ಲಯನ್ ಬಿಡುಗಡೆ ಮಾಡಿದ್ದು. ಅದಕ್ಕೆ ಪ್ರತಿ ಸಾಧನದೊಳಗಿನ ಸೇವೆಗಳ ಬಾಗಿಲುಗಳನ್ನೆಲ್ಲ ತಡಕಾಡದೆ "ಯಾರಿದ್ದಾರೆ ಅಷ್ಟೇ ಹೇಳು" ಎನ್ನುವ ಆಯ್ಕೆ ಇದೆ: ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಎಸ್ ಮತ್ತು ಎನ್ ಎಂಬ ಎರಡು ಸಣ್ಣಕ್ಷರ, ಆಮೇಲೆ ನಿಮ್ಮ ನೆಟ್‌ವರ್ಕ್ ವಿಳಾಸ. ಮೇಲಧಿಕಾರದಲ್ಲಿ, ಅಂದರೆ ಸುಡೋ ಹಾಕಿ ಓಡಿಸಿ. ಆಗ ಅದು ಒಳ ನೆಟ್‌ವರ್ಕ್‌ನಲ್ಲಿ ಪಿಂಗ್ ಬಿಟ್ಟು ಆರ್ಪ್‌ನಿಂದಲೇ ಹುಡುಕುತ್ತದೆ. ಸುಡೋ ಹಾಕದೆ ಓಡಿಸಿ, ಪಟ್ಟಿ ಚಿಕ್ಕದಾಯಿತು ಎಂದು ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬ.

ಒಂದೇ ಸಲ ಹುಡುಕಿ ಮುಗಿಸಬೇಡಿ. ಗಂಟೆಗೊಮ್ಮೆ ಓಡುವಂತೆ ಕ್ರಾನ್‌ನಲ್ಲಿ (ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೌಲಭ್ಯ) ಹಾಕಿ, ಒಂದು ವಾರ ಬಿಡಿ. ಪಂಪಿನ ವೈಫೈ ಸ್ಟಾರ್ಟರ್, ವಾರಕ್ಕೊಮ್ಮೆ ಆನ್ ಆಗುವ ಪ್ರಿಂಟರ್, ರಜೆಗೆ ಬಂದ ತಮ್ಮನ ಲ್ಯಾಪ್‌ಟಾಪ್, ಎಲ್ಲ ಒಂದೊಂದು ಹೊತ್ತಿಗೆ ಎದ್ದು ಮಲಗುತ್ತವೆ. ವಾರದ ಪಟ್ಟಿಗಳನ್ನೆಲ್ಲ ಸೇರಿಸಿದರೆ ಸಿಗುವುದೇ ನಿಜವಾದ ಜನಗಣತಿ.

ಪಟ್ಟಿಯಲ್ಲಿ ಮ್ಯಾಕ್ ವಿಳಾಸದ ಪಕ್ಕ ಕಂಪನಿಯ ಹೆಸರೂ ಬರುತ್ತದೆ. 48 ಬಿಟ್‌ನ ಆ ವಿಳಾಸದ ಮೊದಲ 24 ಬಿಟ್ ಸಾಮಾನ್ಯವಾಗಿ ತಯಾರಕರ ಗುರುತು. ಕ್ಯಾಮರಾ ಯಾವುದು, ಪ್ರಿಂಟರ್ ಯಾವುದು ಎಂದು ಅಂದಾಜು ಮಾಡಲು ಇದು ಸಾಕು. ಆದರೆ ಈಗಿನ ಫೋನ್‌ಗಳು ಸುಳ್ಳು ಹೆಸರು ಹೇಳುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದ ಮೇಲೆ ಒಂದೊಂದು ವೈಫೈಗೆ ಒಂದೊಂದು ಹುಸಿ ಮ್ಯಾಕ್ ಕೊಡುವುದು ರೂಢಿ. ಗುರುತಿಸಲು ಒಂದು ಉಪಾಯ ಇದೆ. ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಂಪನಿ ಕೊಟ್ಟ ವಿಳಾಸವಲ್ಲ. ಅಂಥವನ್ನು ಕಾವಲು ಪಟ್ಟಿಯಿಂದ ಬಿಟ್ಟುಬಿಡಿ.

ಹೆಜ್ಜೆ 5: ಯಾರು ಯಾರಿಗೆ ಅಂಟಿಕೊಂಡಿದ್ದಾರೆ?

ಇಲ್ಲಿ ನಿಧಾನವಾಗಿ ಹೋಗೋಣ. ಪಟ್ಟಿ ಇದ್ದವರು ಬಹಳ ಜನ, ನಕ್ಷೆ ಇದ್ದವರು ಕಡಿಮೆ. ನನ್ನನ್ನು ಆವತ್ತು ಹಳ್ಳಕ್ಕೆ ಇಳಿಸಿದ್ದೂ ಈ ಕೊರತೆಯೇ.

ಇದಕ್ಕೆ ನಿರ್ವಹಣೆ ಮಾಡಬಹುದಾದ ಸ್ವಿಚ್ ಬೇಕು. ಕೊಳ್ಳುವಾಗ ಡಬ್ಬದ ಮೇಲೆ "ಸ್ಮಾರ್ಟ್" ಎಂದಿದ್ದರೆ ಸಾಲದು. ಎಸ್‌ಎನ್‌ಎಂಪಿ (ಸಾಧನದ ಒಳಗಿನ ಅಂಕಿಗಳನ್ನು ದೂರದಿಂದ ಓದುವ ವ್ಯವಸ್ಥೆ) ಮತ್ತು ಎಲ್‌ಎಲ್‌ಡಿಪಿ (ಪಕ್ಕದ ಸಾಧನಕ್ಕೆ ತನ್ನ ಗುರುತು ಹೇಳುವ ವ್ಯವಸ್ಥೆ) ಎರಡೂ ಇವೆಯಾ ಎಂದು ಕೇಳಿ. ಕೆಲವು ಸ್ಮಾರ್ಟ್ ಸ್ವಿಚ್‌ಗಳಲ್ಲಿ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಬಿಟ್ಟರೆ ಬೇರೇನೂ ಇರುವುದಿಲ್ಲ. ಎಲ್ಲ ಸ್ವಿಚ್ ಬದಲಿಸಲು ದುಡ್ಡಿಲ್ಲವೇ? ಬುಡದ ಎರಡನ್ನು ಮಾತ್ರ ಬದಲಿಸಿ. ತುದಿಯವು ಹಾಗೇ ಇರಲಿ.

ಮೊದಲ ದಾರಿ ಎಲ್‌ಎಲ್‌ಡಿಪಿ. 2005ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಇದನ್ನು 802.1ಎಬಿ ಎಂಬ ಮಾನದಂಡವಾಗಿ ತಂದಿತು. ಪ್ರತಿ ಸಾಧನವೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಪಕ್ಕದವನಿಗೆ "ನಾನು ಅಟ್ಟ-ಸ್ವಿಚ್, ನನ್ನ 1ನೇ ಪೋರ್ಟಿನಿಂದ ಮಾತಾಡುತ್ತಿದ್ದೇನೆ" ಎಂದು ಹೇಳುತ್ತದೆ. ಪೋರ್ಟ್ ಎಂದರೆ ಕೇಬಲ್ ಸಿಕ್ಕಿಸುವ ಕಿಂಡಿ. ಕೇಳಿಸಿಕೊಂಡವನು 120 ಸೆಕೆಂಡ್ ನೆನಪಿಟ್ಟುಕೊಳ್ಳುತ್ತಾನೆ. ಬೇಲಿಯಾಚೆಯ ನೆರೆಯವರ ಜೊತೆ ಮಾತ್ರ ಮಾತು, ಅದರಾಚೆಗೆ ಹೋಗುವುದಿಲ್ಲ. ಎಲ್ಲ ಸ್ವಿಚ್‌ಗಳಲ್ಲೂ ಇದನ್ನು ಆನ್ ಮಾಡಿ. ಕಾವಲು ಲ್ಯಾಪ್‌ಟಾಪಿಗೂ ಎಲ್‌ಎಲ್‌ಡಿಪಿಡಿ ಎಂಬ ಪ್ಯಾಕೇಜ್ ಹಾಕಿ. ಆಮೇಲೆ ಲಿಬ್ರೆಎನ್‌ಎಂಎಸ್‌ಗೆ ಬುಡದಲ್ಲಿರುವ ಜಗಲಿ-ಸ್ವಿಚ್ ಒಂದನ್ನು ತೋರಿಸಿದರೆ ಸಾಕು. ಅದರ ನೆರೆಯವನು ಯಾರು, ಆ ನೆರೆಯವನ ನೆರೆಯವನು ಯಾರು ಎಂದು ಕೇಳಿಕೊಂಡು ತಾನೇ ಮುಂದೆ ಹೋಗುತ್ತದೆ. ಹೀಗೆ ಹುಡುಕುವುದು ಸಾಮಾನ್ಯವಾಗಿ ಆರು ಗಂಟೆಗೊಮ್ಮೆ, ಅಂಕಿ ಓದುವುದು ಐದು ನಿಮಿಷಕ್ಕೊಮ್ಮೆ.

ಆದರೆ ಕಡಿಮೆ ಬೆಲೆಯ ಕ್ಯಾಮರಾಗಳಿಗೆ ಎಲ್‌ಎಲ್‌ಡಿಪಿ ಬರುವುದಿಲ್ಲ. ದಡ್ಡ ಸ್ವಿಚ್‌ಗಳಿಗಂತೂ, ಅಂದರೆ ನಿರ್ವಹಣೆ ಮಾಡಲು ಬಾರದವಕ್ಕೆ, ಮಾತೇ ಬರುವುದಿಲ್ಲ. ಇನ್ನೊಂದು ಕಿತಾಪತಿ ಇದೆ. ಕೆಲವು ದಡ್ಡ ಸ್ವಿಚ್‌ಗಳು ಎಲ್‌ಎಲ್‌ಡಿಪಿ ಮಾತನ್ನು ತಡೆಯದೆ ಆಚೆಗೆ ದಾಟಿಸಿಬಿಡುತ್ತವೆ. ಆಗ ನಡುವೆ ಒಂದು ಸ್ವಿಚ್ ಇದ್ದರೂ ಈಚೆಯವನು ಆಚೆಯವನನ್ನು ನೇರ ನೆರೆಯವನು ಎಂದುಕೊಳ್ಳುತ್ತಾನೆ.

ಅದಕ್ಕೇ ಎರಡನೆಯ ದಾರಿ ಬೇಕು: ಸ್ವಿಚ್‌ನ ಮ್ಯಾಕ್ ಪಟ್ಟಿ. ಯಾವ ಮ್ಯಾಕ್ ಯಾವ ಪೋರ್ಟಿನಿಂದ ಮಾತಾಡಿತು ಎಂದು ಪ್ರತಿ ಸ್ವಿಚ್ಚೂ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಎಸ್‌ಎನ್‌ಎಂಪಿ ಮೂಲಕ ಓದಬಹುದು. ಓದುವ ಬಗೆ ಸರಳ. ಒಂದು ಪೋರ್ಟಿನಲ್ಲಿ ಒಂದೇ ಮ್ಯಾಕ್ ಇದ್ದರೆ ಅಲ್ಲಿ ಒಂದೇ ಸಾಧನ ಕೂತಿದೆ. ಒಂದರಲ್ಲಿ ಹದಿನಾಲ್ಕಿದ್ದರೆ ಆ ಕಡೆ ಇನ್ನೊಂದು ಸ್ವಿಚ್ ಇದೆ, ಇಲ್ಲವೇ ಫೋನ್‌ಗಳು ಅಂಟಿಕೊಂಡ ವೈಫೈ ಪೆಟ್ಟಿಗೆ ಇದೆ.

ಎರಡು ಸ್ವಿಚ್ ನೇರವಾಗಿ ಜೋಡಿಸಿಕೊಂಡಿವೆಯಾ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಜಗಲಿ-ಸ್ವಿಚ್‌ನಲ್ಲಿ ಕಾಟೇಜ್ ಕಡೆಯ ಪೋರ್ಟಿನ ಪಟ್ಟಿ ತೆಗೆಯಿರಿ. ಕಾಟೇಜ್-ಸ್ವಿಚ್‌ನಲ್ಲಿ ಜಗಲಿ ಕಡೆಯ ಪೋರ್ಟಿನ ಪಟ್ಟಿಯನ್ನೂ ತೆಗೆಯಿರಿ. ನೇರ ಕೇಬಲ್ ಇದ್ದರೆ ಎರಡೂ ಪಟ್ಟಿ ಸೇರಿದಾಗ ಮನೆಯ ಎಲ್ಲ ಸಾಧನ ಬರಬೇಕು, ಒಂದು ಹೆಸರೂ ಎರಡೂ ಕಡೆ ಇರಬಾರದು. ಗದ್ದೆಯ ನಡುವಿನ ಅಂಚಿನ ಹಾಗೆ. ಈಚೆಯ ಸಸಿ ಈಚೆ, ಆಚೆಯದ್ದು ಆಚೆ. ಎರಡೂ ಪಟ್ಟಿಯಲ್ಲಿ ಒಂದೇ ಹೆಸರು ಕಂಡರೆ ಆ ಸಾಧನ ಅಂಚಿನ ಮೇಲೆಯೇ ನಿಂತಿದೆ, ಅಂದರೆ ಎರಡು ಸ್ವಿಚ್‌ಗಳ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಸ್ವಿಚ್ ಇದೆ.

ನನ್ನ ಪಟ್ಟಿಗಳಲ್ಲಿ ಹಾಗೆ ಎರಡು ಹೆಸರು ಸಿಕ್ಕವು. ಒಂದು ಪ್ರಿಂಟರ್, ಒಂದು ಟಿವಿ ಪೆಟ್ಟಿಗೆ. ಕೇಬಲ್ ಹಿಡಿದು ಹೋದರೆ ನಡುಕೋಣೆಯ ಮರದ ಬೀರುವಿನ ಹಿಂದೆ ಐದು ಪೋರ್ಟಿನ ಒಂದು ಸ್ವಿಚ್ ನೇತಾಡುತ್ತಿತ್ತು, ಮೈಮೇಲೆ ಜೇಡರ ಬಲೆ. ಯಾವತ್ತೋ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಟಿವಿಗೆಂದು ಹಾಕಿ ಹೋದದ್ದು. ಮೂರು ಕಾಟೇಜುಗಳ ವೈಫೈ ಪೂರಾ ಆ ಡಬ್ಬಿಯ ಮೇಲೆ ನಿಂತಿತ್ತು!

ಈ ಲೆಕ್ಕ ಸರಿ ಬರಬೇಕಾದರೆ ಎರಡು ಎಚ್ಚರ ಬೇಕು. ಮ್ಯಾಕ್ ಪಟ್ಟಿಯ ನೆನಪು ಸಾಮಾನ್ಯವಾಗಿ 300 ಸೆಕೆಂಡ್ ಮಾತ್ರ. ಐದು ನಿಮಿಷ ಸುಮ್ನಿದ್ದ ಸಾಧನದ ಹೆಸರು ಅಳಿದುಹೋಗುತ್ತದೆ. ಹಾಗಾಗಿ ಮೊದಲು ಎನ್‌ಮ್ಯಾಪ್ ಓಡಿಸಿ ಎಲ್ಲರನ್ನೂ ಎಬ್ಬಿಸಿ, ಕೂಡಲೇ ಪಟ್ಟಿ ಓದಿ. ಎರಡನೆಯದು ಸ್ವಲ್ಪ ಸೂಕ್ಷ್ಮ. ಜಗಲಿಯಿಂದ ಕೂಗಿದರೆ ಪ್ರಿಂಟರಿನ ಉತ್ತರ ಜಗಲಿಯ ಕಡೆಗೆ ಮಾತ್ರ ಬರುತ್ತದೆ. ಕಾಟೇಜ್-ಸ್ವಿಚ್‌ಗೆ ಆ ಉತ್ತರ ಕೇಳಿಸುವುದೇ ಇಲ್ಲ, ಅದರ ಪಟ್ಟಿಯಲ್ಲಿ ಪ್ರಿಂಟರ್ ಬಾರದೆಯೂ ಇರಬಹುದು. ಆದ್ದರಿಂದ ಇನ್ನೊಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಟೇಜಿನ ಕಡೆಯಿಂದಲೂ ಒಮ್ಮೆ ಕೂಗಿ. ನಾನು ಮೊದಲ ಸಲ ಇದನ್ನು ಮಾಡದೆ ಎರಡು ಸಂಜೆ ಹಾಳು ಮಾಡಿಕೊಂಡೆ.

ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್, ಯಾವ ಸಾಧನವೂ ಅಂಟದೆ ನಡುವೆ ಸುಮ್ಮನೆ ಕೂತ ದಡ್ಡ ಸ್ವಿಚ್, ಇವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇವನ್ನು ಪೆನ್ಸಿಲ್ ನಕ್ಷೆಯಿಂದ ಕೈಯಾರೆ ಸೇರಿಸಬೇಕು.

ಎಸ್‌ಎನ್‌ಎಂಪಿ ಆನ್ ಮಾಡುವಾಗ ಒಂದು ಎಚ್ಚರಿಕೆ. ಹಳೆಯ 2ಸಿ ಆವೃತ್ತಿಯಲ್ಲಿ ಗುಪ್ತಪದ ಬಿಚ್ಚು ಅಕ್ಷರದಲ್ಲೇ ಓಡಾಡುತ್ತದೆ. ಅದೂ ಎಷ್ಟೋ ಸಾಧನಗಳಲ್ಲಿ "ಪಬ್ಲಿಕ್" ಎಂಬ ಪದವೇ ಆಗಿರುತ್ತದೆ. ಸಾಧನಕ್ಕೆ ಬರುವುದಾದರೆ 3ನೇ ಆವೃತ್ತಿ ಬಳಸಿ. ಬಾರದಿದ್ದರೆ ಗುಪ್ತಪದ ಬದಲಿಸಿ, ಓದಲು ಮಾತ್ರ ಅನುಮತಿ ಕೊಡಿ, ಕಾವಲು ಲ್ಯಾಪ್‌ಟಾಪಿನ ವಿಳಾಸಕ್ಕೆ ಮಾತ್ರ ಉತ್ತರಿಸುವಂತೆ ಕಟ್ಟಿಹಾಕಿ.

ಹೆಜ್ಜೆ 6: ಕಾಯುವುದು, ಆದರೆ ಬೊಬ್ಬೆ ಹಾಕದೆ

ಎಲ್ಲ ಸಾಧನಗಳಿಗೂ ನಿಮಿಷಕ್ಕೊಂದು ಪಿಂಗ್ ಸಾಕು. ಒಂದು ತಪ್ಪಿದ ಕೂಡಲೇ ಸಂದೇಶ ಕಳಿಸಬೇಡಿ. ಸತತ ಮೂರು ತಪ್ಪಿದರೆ ಮಾತ್ರ ಕಳಿಸಲಿ. ಲಿಬ್ರೆಎನ್‌ಎಂಎಸ್‌ನಲ್ಲಿ ನಿಮಿಷದ ಪಿಂಗ್ ತಾನಾಗಿ ಇರುವುದಿಲ್ಲ, ಬೇರೆಯಾಗಿ ಆನ್ ಮಾಡಿಕೊಳ್ಳಬೇಕು.

ಈಗ ಐದನೇ ಹೆಜ್ಜೆಯ ನಕ್ಷೆ ಕೆಲಸಕ್ಕೆ ಬರುತ್ತದೆ. ಪ್ರತಿ ಸಾಧನಕ್ಕೂ ಅದರ ಮೇಲಿನವನು ಯಾರು ಎಂದು ತುಂಬಿಸಿ. ಹಳ್ಳ-ಕ್ಯಾಮರಾದ ಮೇಲೆ ಅಡಿಕೆಮನೆ-ರೇಡಿಯೊ (ಕೇಬಲ್ ಇಲ್ಲದೆ ಸಂಕೇತ ದಾಟಿಸುವ ಪೆಟ್ಟಿಗೆ), ಅದರ ಮೇಲೆ ಅಟ್ಟ-ಸ್ವಿಚ್, ಅದರ ಮೇಲೆ ಜಗಲಿ-ಸ್ವಿಚ್. ಲಿಬ್ರೆಎನ್‌ಎಂಎಸ್‌ನಲ್ಲಿ ಇದನ್ನು ಡಿವೈಸ್ ಡಿಪೆಂಡೆನ್ಸಿ ಎನ್ನುತ್ತಾರೆ. ಝ್ಯಾಬಿಕ್ಸ್‌ನಲ್ಲಿ ಟ್ರಿಗರ್ ಡಿಪೆಂಡೆನ್ಸಿ. ಮೇಲಿನವನು ಸತ್ತರೆ ಕೆಳಗಿನವರ ಬಗ್ಗೆ ಸಂದೇಶ ಬರುವುದಿಲ್ಲ. ಆರು ಸಂದೇಶದ ಬದಲು "ಅಟ್ಟ-ಸ್ವಿಚ್ ಇಲ್ಲ" ಎಂಬ ಒಂದೇ ಸಂದೇಶ ಬರುತ್ತದೆ. ಮಳೆಗೆ ಹೊದೆಯುವ ಕೊಪ್ಪೆ ಹುಡುಕುವ ಬದಲು ಏಣಿ ಹುಡುಕಬಹುದು.

ನಮ್ಮ ಕಡೆಯ ದೊಡ್ಡ ಗೊಂದಲ ಇನ್ನೊಂದಿದೆ. ಹೋದದ್ದು ಕರೆಂಟೋ, ಕೇಬಲ್ಲೋ? ಇದಕ್ಕೆ ನಾನು ಮಾಡಿಕೊಂಡ ಉಪಾಯ: ಮೂಲೆಗೆ ಬಿದ್ದಿದ್ದ ಹಳೇ ರೂಟರ್ ಒಂದನ್ನು ಇನ್ವರ್ಟರ್ ಇಲ್ಲದ ಪ್ಲಗ್ಗಿಗೆ ಹಾಕಿ, ಜಗಲಿ-ಸ್ವಿಚ್‌ಗೆ ಜೋಡಿಸಿದೆ. ಡಿಎಚ್‌ಸಿಪಿ, ವೈಫೈ ಎರಡೂ ಆಫ್. ಅದಕ್ಕೆ ಇರುವ ಕೆಲಸ ಒಂದೇ, ಪಿಂಗ್‌ಗೆ ಉತ್ತರ ಕೊಡುವುದು. ಹೆಸರು "ಕರೆಂಟ್-ಸಾಕ್ಷಿ". ಅದು ಸತ್ತು ಉಳಿದವರು ಬದುಕಿದ್ದರೆ ಕರೆಂಟ್ ಹೋಗಿದೆ ಎಂದರ್ಥ. ಇನ್ವರ್ಟರ್ ಇಲ್ಲದ ಸಾಧನಗಳಿಗೆಲ್ಲ ಅದನ್ನೇ ಮೇಲಿನವನನ್ನಾಗಿ ಮಾಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಫೋನ್ ಎಷ್ಟೋ ಶಾಂತವಾಯಿತು.

ಬದುಕು-ಸಾವು ಬಿಟ್ಟು ಇನ್ನೂ ಮೂರು ಅಂಕಿಗಳ ಮೇಲೆ ಕಣ್ಣಿಡಿ.

ಪೋರ್ಟಿನ ವೇಗ. 1000 ಎಂಬಿಪಿಎಸ್ ಇದ್ದದ್ದು ಪಕ್ಕನೆ 100ಕ್ಕೆ ಇಳಿದರೆ ಕೇಬಲ್ ಒಳಗೆ ಏನೋ ಆಗಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಕಿಲುಬು ಹಿಡಿದಾಗ ಎಷ್ಟೋ ಸಲ ಸಂಪರ್ಕ ಕಡಿಯುವುದಿಲ್ಲ, ಸುಮ್ನೆ ನಿಧಾನವಾಗುತ್ತದೆ. ನೋಡುವವರಿಗೆ "ನೆಟ್ ಸ್ಲೋ" ಅಷ್ಟೇ. ಇಲಿ ಕಡಿದ ಕೇಬಲ್ಲೂ ಹೀಗೆಯೇ ಶುರುವಾಗುತ್ತದೆ.

ತಪ್ಪುಗಳ ಎಣಿಕೆ. ಪ್ರತಿ ಪೋರ್ಟಿನಲ್ಲೂ ಕೆಟ್ಟು ಬಂದ ಪ್ಯಾಕೆಟ್‌ಗಳ ಲೆಕ್ಕ ಇರುತ್ತದೆ. ಒಳ್ಳೆಯ ಕೇಬಲ್‌ನಲ್ಲಿ ಅದು ಸೊನ್ನೆಯ ಹತ್ತಿರವೇ ನಿಂತಿರುತ್ತದೆ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಕನೆಕ್ಟರ್ ಬದಲಿಸಿ. ಹತ್ತಿರದಲ್ಲಿ ಸಿಡಿಲು ಹೊಡೆದ ಮಾರನೇ ದಿನ ಇದನ್ನು ತಪ್ಪದೆ ನೋಡಿ. ಪೂರ್ತಿ ಸುಟ್ಟ ಪೋರ್ಟ್ ತಾನೇ ಗೊತ್ತಾಗುತ್ತದೆ. ಅರೆ ಸುಟ್ಟದ್ದು ತಿಂಗಳುಗಟ್ಟಲೆ ಸತಾಯಿಸುತ್ತದೆ.

ಎದ್ದಿರುವ ಸಮಯ. ಸಾಧನ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದು. ಇದು ಪದೇ ಪದೇ ಸೊನ್ನೆಗೆ ಬರುತ್ತಿದ್ದರೆ ಅಡಾಪ್ಟರ್ ಸೋಲುತ್ತಿದೆ. ಎಸ್‌ಎನ್‌ಎಂಪಿ ಇದನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ, 32 ಬಿಟ್‌ನಲ್ಲಿ ಎಣಿಸುವುದರಿಂದ 497 ದಿನಕ್ಕೆ ತಾನಾಗಿಯೇ ಸೊನ್ನೆಯಾಗುತ್ತದೆ. ಮಲೆನಾಡಿನಲ್ಲಿ ಒಂದು ಸ್ವಿಚ್ 497 ದಿನ ಕರೆಂಟ್ ಕಂಡ ದಿನ ಸಿಹಿ ಹಂಚೋಣ.

ವೈರ್‌ಲೆಸ್ ರೇಡಿಯೊ ಇದ್ದವರಿಗೆ ಒಂದು ಮಾತು. 5 ಗಿಗಾಹರ್ಟ್ಸ್ ಸಂಕೇತಕ್ಕೆ ಸಣ್ಣ ದೂರದಲ್ಲಿ ಮಳೆ ಅಂಥ ತೊಂದರೆ ಕೊಡುವುದಿಲ್ಲ. ಕೊಡುವುದು ಒದ್ದೆ ಎಲೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಲಿಂಕ್ ಮಳೆಗಾಲದಲ್ಲಿ ಕೈಕೊಟ್ಟರೆ ನಡುವೆ ಯಾವ ಕೊಂಬೆ ಚಿಗುರಿದೆ ನೋಡಿ. ಇಂಥ ಲಿಂಕ್‌ಗಳಿಗೆ ಪೂರ್ತಿ ಸಾವನ್ನು ಕಾಯಬೇಡಿ, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಪಿಂಗ್ ಕಳೆದುಹೋದರೆ ಸಂದೇಶ ಬರುವಂತೆ ಮಾಡಿ.

ಹೆಜ್ಜೆ 7: ಕಾವಲಿನವನೇ ಬಿದ್ದರೆ?

ಮನೆಯ ಇಂಟರ್ನೆಟ್ ಹೋದರೆ ಒಳಗಿನ ಲ್ಯಾಪ್‌ಟಾಪ್ ಟೆಲಿಗ್ರಾಂ ಸಂದೇಶ ಕಳಿಸುವುದು ಹೇಗೆ? ಆಗುವುದಿಲ್ಲ. ಹೊರಗಿನಿಂದ ಪಿಂಗ್ ಮಾಡೋಣ ಎಂದರೆ ಎಷ್ಟೋ ಸಂಪರ್ಕಗಳು ಹಂಚಿಕೆಯ ವಿಳಾಸದ, ಅಂದರೆ ಹಲವು ಗ್ರಾಹಕರಿಗೆ ಸೇರಿ ಇರುವ ಒಂದೇ ಹೊರ ವಿಳಾಸದ, ಹಿಂದೆ ಇರುತ್ತವೆ. ರೂಟರಿನ ಹೊರ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವೂ ಹಾಗೇ. ಹೊರಗಿನವರಿಗೆ ನಿಮ್ಮ ಬಾಗಿಲು ಸಿಗುವುದಿಲ್ಲ.

ಉಪಾಯ ತಿರುಗುಮುರುಗು ಮಾಡುವುದು. ಒಳಗಿನ ಲ್ಯಾಪ್‌ಟಾಪ್ ಐದು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸೇವೆಗೆ "ಇದ್ದೇನೆ" ಎಂದು ಹೇಳಲಿ. ಹದಿನೈದು ನಿಮಿಷ ಆ ಮಾತು ಬರದಿದ್ದರೆ ಹೊರಗಿನವನು ನಿಮಗೆ ತಿಳಿಸಲಿ. ಹೆಲ್ತ್‌ಚೆಕ್ಸ್ ಎಂಬ ಸೇವೆ ಇದಕ್ಕೇ ಇದೆ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣನ ಮನೆಯಲ್ಲಿ ಅಪ್‌ಟೈಮ್ ಕುಮಾ ಹಾಕಿ ಅದರ ಪುಶ್ ಬಗೆಯ ಕಾವಲನ್ನೂ ಬಳಸಬಹುದು. ಆ ಮನೆಯ ವಿಳಾಸ ಹೊರಗಿನಿಂದ ಸಿಗುವಂತಿರಬೇಕು, ಅಷ್ಟೇ.

ಹೆಜ್ಜೆ 8: ಬೇಕೆಂದೇ ಕೇಬಲ್ ಕೀಳಿ

ಮೃಗಶಿರಾ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಒಂದು ಒಣ ಬೆಳಿಗ್ಗೆ ಇದಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆಯೇ, ಯಾಕೆಂದರೆ ಸಂಜೆ ಗುಡುಗು ಶುರುವಾಗುತ್ತದೆ. ಒಬ್ಬರು ಫೋನ್ ಹಿಡಿದು ಜಗಲಿಯಲ್ಲಿ ಕೂರಲಿ. ಇನ್ನೊಬ್ಬರು ಸ್ವಿಚ್‌ನಿಂದ ಸ್ವಿಚ್‌ಗೆ ಹೋಗಿ ಒಂದೊಂದು ಕೇಬಲ್ ಕಿತ್ತು ಐದು ನಿಮಿಷ ಕಾಯಲಿ. ಬಂದ ಸಂದೇಶ ನಿಮ್ಮ ನಕ್ಷೆಗೆ ಹೊಂದುತ್ತದೆಯಾ? ಅಟ್ಟದ ಕೇಬಲ್ ಕಿತ್ತಾಗ ಕೊಟ್ಟಿಗೆ ಕ್ಯಾಮರಾದ ಹೆಸರು ಬಂದರೆ ನಕ್ಷೆ ತಪ್ಪಿದೆ. ಮೊದಲ ಸಲ ನಮ್ಮಲ್ಲಿ ಮೂರು ಕಡೆ ತಪ್ಪಿತ್ತು. ಒಂದು ಕೇಬಲ್ ಕಿತ್ತಾಗ ಏನೂ ಆಗಲೇ ಇಲ್ಲ. ಅದರ ಆಚೆ ತುದಿ ಎಲ್ಲಿದೆ ಎಂದು ಇವತ್ತಿಗೂ ಸಿಕ್ಕಿಲ್ಲ.

ಅದೇ ದಿನ ಕಟ್ಟಡದಿಂದ ಕಟ್ಟಡಕ್ಕೆ ಬಯಲಲ್ಲಿ ಎಳೆದಿರುವ ತಾಮ್ರದ ಕೇಬಲ್‌ಗಳನ್ನೂ ಎಣಿಸಿ. ಈಥರ್ನೆಟ್‌ಗೆ 100 ಮೀಟರ್ ಮಿತಿ ಇದೆ, ಅದು ಒಂದು ಮಾತು. ಸಿಡಿಲಿನ ಹೊಡೆತವನ್ನು ಎರಡೂ ತುದಿಯ ಸ್ವಿಚ್‌ಗೆ ಹೊತ್ತು ತರುವುದೂ ಅದೇ ಕೇಬಲ್. ದುಡ್ಡಾದಾಗ ಒಂದೊಂದಾಗಿ ಲೋಹದ ತಂತಿ ಇಲ್ಲದ ಫೈಬರ್‌ಗೆ ಬದಲಿಸಿ. ನಾನು ಎರಡು ಮುಗಿಸಿದ್ದೇನೆ, ಒಂದು ಬಾಕಿ.

ಹೊಸ ಸಾಧನ ಸೇರಿದಾಗ ತಿಳಿಸಲು ಆರ್ಪ್‌ವಾಚ್ ಎಂಬ ಪ್ರೋಗ್ರಾಂ ಹಾಕಿಡಿ. ಯಾರಾದರೂ ಬೀರುವಿನ ಹಿಂದೆ ಇನ್ನೊಂದು ಡಬ್ಬಿ ಸಿಕ್ಕಿಸಿದರೆ, ಅದಕ್ಕೆ ಜೋಡಿಸಿದ ಸಾಧನದ ಹೆಸರಾದರೂ ಅಂದೇ ಗೊತ್ತಾಗುತ್ತದೆ.

ಎಲ್ಲ ಸರಿ ಹೊಂದಿದ ಮೇಲೆ ನಕ್ಷೆಯನ್ನು ಪ್ರಿಂಟ್ ಹಾಕಿ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು, ಇನ್ವರ್ಟರ್ ಪಕ್ಕದ ಗೋಡೆಗೆ ಅಂಟಿಸಿ. ಮೇಲ್ಗಡೆ ತಾರೀಕು ಬರೆಯಿರಿ. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದ ರಾತ್ರಿ ನೋಡಲು ಸಿಗುವುದು ಅದೊಂದೇ. ನಮ್ಮ ಗೋಡೆಯ ಹಾಳೆಯಲ್ಲಿ ಅಟ್ಟ-ಸ್ವಿಚ್‌ನ ಸುತ್ತ ಅಪ್ಪಯ್ಯ ಕೆಂಪು ಪೆನ್ನಿನಿಂದ ಗುಂಡಗೆ ಗೀಟು ಹಾಕಿದ್ದಾರೆ. ಪಕ್ಕದಲ್ಲಿ ಅವರದ್ದೇ ಅಕ್ಷರ: "ಮೊದಲು ಇಲ್ಲಿ ನೋಡು."